ಬೊಂಗ್‌ಸುನ್ ಅಕ್ಕ ಹಾಕಿಸಬೇಕಿದ್ದ ಶಾವಿಗೆ

ಸಿಯೋಲ್‌ಗೆ ಬಂದ ಪರದೇಶದವರು ನಮ್ಮ ಗ್ವಾಂಗ್‌ಜಾಂಗ್ ಮಾರ್ಕೆಟ್ಟಿಗೆ ಬಂದೇ ಬರುತ್ತಾರೆ. ಬಂದವರು ಬೊಂಗ್‌ಸುನ್ ಅಕ್ಕನ ಬೆಂಚಿನ ಮೇಲೆ ಕೂತು, ಒಣಮೀನಿನ ಸಾರಲ್ಲಿ ಮುಳುಗಿದ ಶಾವಿಗೆಯನ್ನು ಸುರ್ರನೆ ಎಳೆದುಕೊಳ್ಳುತ್ತಾರೆ. ಆಮೇಲೆ ಪಕ್ಕದ ದಾಲ್‌ಸು ಅಣ್ಣನ ಹತ್ತಿರ ಗರಿಗರಿ ಹೆಸರುಬೇಳೆ ದೋಸೆ. ಹೊಟ್ಟೇಲಿ ಜಾಗ ಉಳಿದರೆ ನನ್ನ ಅಂಗಡಿಯ ಕಿಂಬಾಪ್, ಅನ್ನದ ಸುರುಳಿ. ನನಗೇನೂ ಹೊಟ್ಟೆಕಿಚ್ಚಿಲ್ಲ ಬಿಡಿ. ಸರಿ, ಸ್ವಲ್ಪ ಇದೆ.

ಅಕ್ಕನಿಗೆ ಅರವತ್ತು ದಾಟಿದೆ, ಮದುವೆಯಾಗಿಲ್ಲ. ಮೂವರು ತಮ್ಮಂದಿರನ್ನು ಸಾಕಿ, ಮೂವರ ಮದುವೆಗೂ ತಾನೇ ಶಾವಿಗೆ ಬೇಯಿಸಿದವಳು. ನಮ್ಮಲ್ಲಿ ಮದುವೆ ಅಂದರೆ ಬಂದವರಿಗೆಲ್ಲ ಶಾವಿಗೆ ಊಟ. ಬಾಳೂ ಅದರ ಎಳೆಯ ಹಾಗೆ ಉದ್ದವಾಗಲಿ ಅಂತ. ಅದಕ್ಕೇ ಮೂಟೆ ಹೊರುವವರು ಕೂಡ ಅವಳನ್ನು ಕೆಣಕುತ್ತಿದ್ದರು:

"ಶಾವಿಗೆ ಯಾವಾಗ ಹಾಕಿಸ್ತೀಯಕ್ಕಾ?"

"ದಿನಾ ಹಾಕ್ತಿಲ್ವೇನೋ? ನಿನ್ನ ಹೊಟ್ಟೆ ನೋಡ್ಕೋ, ನಾಲ್ಕು ಮದುವೆ ಊಟ ಇಳಿದಂಗಿದೆ!"

ದಾಲ್‌ಸು ಅಣ್ಣನ ಹೆಂಡತಿ ತೀರಿಹೋಗಿ ಎಷ್ಟೋ ವರ್ಷವಾಯಿತು. ಈ ವಸಂತದಲ್ಲಿ ಅವನು ನನ್ನ ಎದುರಿಗೇ ಕೇಳಿಬಿಟ್ಟ: "ಬೊಂಗ್‌ಸುನ್ ಅವರೇ, ನನ್ನ ಮದುವೆ ಆಗ್ತೀರಾ?"

ಅಕ್ಕನ ಕೈಲಿದ್ದ ಸೌಟು ಸಾರಿಗೆ ಬಿತ್ತು. ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆಸೆ ಇತ್ತು, ನನಗೆ ಗೊತ್ತು. "ಈ ವಯಸ್ಸಲ್ಲಿ ಮದುಮಗಳಾದ್ರೆ ಇಡೀ ಮಾರ್ಕೆಟ್ಟು ನಗುತ್ತೆ ಕಣೇ," ಅಂತ ನನ್ನ ಹತ್ತಿರ ಗೊಣಗಿದಳು.

"ನಕ್ಕರೆ ನಗಲಿ, ಹಲ್ಲು ಅವರದು!" ಅಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ.

ಕಾದೂ ಕಾದೂ ದಾಲ್‌ಸು ಅಣ್ಣನಿಗೂ ಸಾಕಾಯಿತು. ಅಂಗಡಿ ಮುಚ್ಚಿ ದೂರದ ಮೊಕ್ಪೊ ಊರಿನ ತಂಗಿಯ ಮನೆಗೆ ಹೋಗುತ್ತೇನೆ, ಈ ಶನಿವಾರವೇ ಕೊನೆ ಅಂದ. ನನಗೆ ಮೈಯೆಲ್ಲ ಉರಿದುಹೋಯಿತು.

"ಬಾಯಿ ಬಿಡೇ ಅಕ್ಕಾ! ಬಾಯಲ್ಲೇನು ಕಡುಬು ಇಟ್ಕೊಂಡಿದೀಯಾ?"

ಅವಳು ಈರುಳ್ಳಿ ಹೆಚ್ಚುತ್ತಾ ಕೂತಳು. ಕಣ್ಣೀರಿಗೆ ಅದೊಂದು ನೆಪ.

ಶನಿವಾರ ಮಧ್ಯಾಹ್ನ ಬೆಂಚು ತುಂಬಿತ್ತು. ಪ್ರವಾಸಕ್ಕೆ ಬಂದ ಹುಡುಗಿಯೊಬ್ಬಳು ಶಾವಿಗೆ ತಿಂದು ನೋಟು ಚಾಚಿದಳು. ಅಕ್ಕ ಬೇಡವೆಂದು ಅವಳ ಕೈಯನ್ನು ಹಿಂದಕ್ಕೆ ತಳ್ಳಿದಳು. ಪಕ್ಕದಲ್ಲಿ ಕೂತಿದ್ದ ದಂಪತಿ ಕೊಟ್ಟರೂ ಹಾಗೇ. ಬಟ್ಟೆ ಅಂಗಡಿಯವನ ಹತ್ತಿರವೂ ತೆಗೆದುಕೊಳ್ಳಲಿಲ್ಲ. ಅಯ್ಯೋ, ಸಂಕಟಕ್ಕೆ ಬುದ್ಧಿ ಕೆಟ್ಟಿತೇ ಅಂತ ನನಗೆ ಗಾಬರಿ.

"ಅಕ್ಕಾ, ತಲೆ ಸರಿಯಿದೆಯಾ? ದುಡ್ಡು ಯಾಕೆ ಬೇಡ ಅಂತೀಯಾ?"

ಅವಳು ನನ್ನ ಕಡೆ ನೋಡಲಿಲ್ಲ. ಪಕ್ಕದ ಒಲೆಯ ಕಡೆ ತಿರುಗಿ, ಇಡೀ ಸಾಲಿಗೆ ಕೇಳುವ ಹಾಗೆ ಕೂಗಿದಳು: "ಮದುವೆ ಶಾವಿಗೆಗೆ ಯಾರಾದ್ರೂ ದುಡ್ಡು ತಗೋತಾರೇನೇ?"

ದಾಲ್‌ಸು ಅಣ್ಣನ ಕೈ ನಿಂತುಹೋಯಿತು. ಕಾವಲಿಯ ಮೇಲೆ ದೋಸೆ ಸೀದು ಹೊಗೆ ಎದ್ದಿತು. ಮಾರ್ಕೆಟ್ಟು ನಕ್ಕಿತು, ಸುಳ್ಳು ಯಾಕೆ ಹೇಳಲಿ. ನಕ್ಕೂ ನಕ್ಕೂ ಚಪ್ಪಾಳೆ ತಟ್ಟಿತು. ನಾನಂತೂ ಗೊಳೋ ಅಂತ ಅತ್ತುಬಿಟ್ಟೆ.

ಅಣ್ಣ ಕೈ ಒರೆಸಿಕೊಂಡು ಬಂದು, ನಾಚುತ್ತ ನಿಂತ. "ನಂಗೂ ಒಂದು ಬಟ್ಟಲು..."

"ಗಂಡಿಗೆ ಕೊನೇಲಿ," ಅಂದಳು ಅಕ್ಕ. "ಹಿಡೀರಿ ಈ ತಟ್ಟೆ. ಮೊದಲು ಬಂದವರಿಗೆ ಬಡಿಸಿ."