ಅಮದಳ್ಳಿಯ ಹಾಲ್‌ನಲ್ಲಿ ಬ್ಲಿಟ್ಜ್

ಅಮೆರಿಕನ್ ಫುಟ್‌ಬಾಲನ್ನು ನಾನು ಮೈದಾನದಲ್ಲಿ ಒಮ್ಮೆಯೂ ನೋಡಿಲ್ಲ. ನೋಡಬೇಕೆಂಬ ಆಸೆಯೂ ಇಲ್ಲ. ಆದರೆ ಅಮದಳ್ಳಿಯ ನಮ್ಮ ಮನೆಯ ಹಾಲ್‌ನಲ್ಲಿ, ಟಿವಿಯ ಮುಂದೆ ಚಾಪೆ ಹಾಸಿಕೊಂಡು, ನನ್ನ ಗಂಡನ ಒಂದಿಡೀ ರಜೆಯನ್ನು ಆ ಆಟದಲ್ಲೇ ಕಳೆದಿದ್ದೇನೆ. ಅಂಕೋಲೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಟೀಚರ್ ಸಂಜೆ ಮನೆಗೆ ಬಂದು ಹೆಲ್ಮೆಟ್ ಹಾಕಿಕೊಂಡ ದಢೂತಿ ಆಟಗಾರರನ್ನು ಒಬ್ಬರ ಮೇಲೊಬ್ಬರಂತೆ ಕೆಡವುತ್ತಾಳೆ ಎಂದು ಗೊತ್ತಾಗಿದ್ದರೆ ಮಕ್ಕಳು ತರಗತಿಯಲ್ಲಿ ಇನ್ನಷ್ಟು ಸುಮ್ಮನಿರುತ್ತಿದ್ದರೋ ಏನೋ. ನಾನು ಬಾಯಿ ಬಿಟ್ಟಿಲ್ಲ.

ನನ್ನ ಗಂಡ ಸರಕು ಹಡಗಿನ ಇಂಜಿನ್ ವಿಭಾಗದಲ್ಲಿ ಕೆಲಸಕ್ಕಿದ್ದವರು. ಒಂಬತ್ತು ತಿಂಗಳು ನೀರಿನ ಮೇಲೆ, ಮೂರು ತಿಂಗಳು ನಮ್ಮ ತಲೆಯ ಮೇಲೆ. ಹಡಗಿನಲ್ಲಿ ಜೊತೆಗಿದ್ದವನೊಬ್ಬ ಕೆಲಸ ಬಿಟ್ಟು ಹೋಗುವಾಗ ತನ್ನ ಹಳೆಯ ವಿಡಿಯೋ ಗೇಮಿನ ಪೆಟ್ಟಿಗೆಯನ್ನು ಇವರಿಗೆ ಕೊಟ್ಟನಂತೆ. ಇವರು ಅದನ್ನು ಹಸುಗೂಸಿನಂತೆ ಟವೆಲಿನಲ್ಲಿ ಸುತ್ತಿ ಮನೆಗೆ ತಂದರು. ಅದರಲ್ಲಿದ್ದದ್ದು ಒಂದೇ ಆಟ. ಆಡಲು ಇನ್ನೊಬ್ಬರು ಬೇಕಿತ್ತು, ಮನೆಯಲ್ಲಿ ಇದ್ದವಳು ನಾನು.

ನಿಯಮ ಕಲಿಸಿಕೊಟ್ಟದ್ದೂ ಅವರೇ. ಹನ್ನೊಂದು ಜನ ಈಚೆ, ಹನ್ನೊಂದು ಜನ ಆಚೆ. ಚೆಂಡು ಇರುವ ಕಡೆ ಕ್ವಾರ್ಟರ್‌ಬ್ಯಾಕ್ ಎಂಬ ಯಜಮಾನ ಒಬ್ಬನಿರುತ್ತಾನೆ. ಅವನು ಹಿಂದೆ ನಿಂತು, ಮುಂದೆ ಓಡಿದ ತನ್ನವರಲ್ಲಿ ಯಾರ ಹತ್ತಿರ ಎದುರಾಳಿ ಇಲ್ಲ ಎಂದು ನೋಡಿ ಚೆಂಡು ಎಸೆಯಬೇಕು. ಎದುರು ಪಕ್ಷದವರು ಸಾಮಾನ್ಯವಾಗಿ ನಾಲ್ವರನ್ನು ಅವನ ಮೇಲೆ ಬಿಟ್ಟು, ಉಳಿದ ಏಳು ಜನರನ್ನು ಹಿಂದೆ ಕಾವಲಿಗೆ ಇಡುತ್ತಾರೆ. ಹಾಗೆ ಮಾಡದೆ ಆರು ಏಳು ಜನರನ್ನು ಒಮ್ಮೆಲೇ ಅವನ ಮೇಲೆ ನುಗ್ಗಿಸಿದರೆ ಅದೇ ಬ್ಲಿಟ್ಜ್. ಅವನಿಗೆ ನೋಡಲು, ಯೋಚಿಸಲು ಪುರಸೊತ್ತು ಸಿಗಬಾರದು, ಅಷ್ಟೇ ಅದರ ಮರ್ಮ. ಪ್ರತಿ ಸಲ ಚೆಂಡು ಎಸೆಯುವ ಮೊದಲು ಟಿವಿಯಲ್ಲಿ ಕೆಲವು ನಕ್ಷೆಗಳು ಬರುತ್ತವೆ. ನುಗ್ಗುವವನಿಗೆ ಕೆಂಪು ಬಾಣ, ಕಾಯುವವನಿಗೆ ನೀಲಿ ಗುರುತು. ನಾನು ಕೆಂಪು ಬಾಣಗಳನ್ನು ಎಣಿಸಿ, ಹೆಚ್ಚು ಇರುವ ನಕ್ಷೆಯನ್ನು ಒತ್ತುತ್ತಿದ್ದೆ. ಗಣಿತದವಳಲ್ಲವೇ.

ಇದಕ್ಕೆ ನನ್ನೂರನ್ನೂ ಸ್ವಲ್ಪ ದೂರಬೇಕು. ನಾನು ಹುಟ್ಟಿದ್ದು ಅಂಕೋಲೆಯ ಪಕ್ಕದ ಬೆಳಂಬಾರದಲ್ಲಿ, ಕಡಲ ದಡದಲ್ಲಿ. ನಮ್ಮದು ಗದ್ದೆಯ ಮನೆ. ಆದರೂ ಯೆಂಡಿ ಬಲೆ ಬಿಟ್ಟಿದ್ದಾರೆ ಎಂಬ ಕೂಗು ಬಿದ್ದರೆ ಗದ್ದೆಯವರು, ದೋಣಿಯವರು ಎಂಬ ಭೇದ ಇರಲಿಲ್ಲ. ದೋಣಿಯಲ್ಲಿ ಹೋಗಿ ಕಡಲಲ್ಲಿ ಬಿಟ್ಟು ಬಂದ ಆ ಉದ್ದನೆಯ ಬಲೆಯನ್ನು ಎರಡೂ ತುದಿಯ ಹಗ್ಗ ಹಿಡಿದು ದಡಕ್ಕೆ ಎಳೆಯಬೇಕು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನ ಪಾಲು. ಅಮ್ಮ ಒಲೆಯ ಮೇಲಿನ ಅನ್ನ ಬಿಟ್ಟು, ಅಜ್ಜಿ ಎಲೆಯಡಿಕೆ ಬಿಟ್ಟು, ನಾನು ಪುಸ್ತಕ ಬಿಟ್ಟು ಓಡುತ್ತಿದ್ದೆವು. ಬಾಗಿಲು ಹಾಕುವ ನೆನಪೂ ಯಾರಿಗೂ ಇರುತ್ತಿರಲಿಲ್ಲ. ಹಾಗೆ ಬೆಳೆದವಳ ಕೈಗೆ ಹನ್ನೊಂದು ಜನರನ್ನು ಕೊಟ್ಟರೆ ಅವಳು ಒಬ್ಬನನ್ನಾದರೂ ಹಿಂದೆ ನಿಲ್ಲಿಸಿಯಾಳೇ?

ಮೊದಲೆರಡು ದಿನ ನನ್ನದೇ ಜೋರು. ಇವರ ಯಜಮಾನ ಚೆಂಡು ಹಿಡಿದು ತಲೆ ಎತ್ತುವುದರೊಳಗೆ ನನ್ನವರು ಅವನ ಎದೆಯ ಮೇಲೆ ಕೂತಿರುತ್ತಿದ್ದರು. ಮೂರನೆಯ ದಿನ ಇವರು ಉಪಾಯ ಕಂಡುಕೊಂಡರು. ನನ್ನವರು ಹತ್ತಿರ ಬರುವವರೆಗೆ ಕಾದು, ಚೆಂಡನ್ನು ಅವರ ತಲೆಯ ಮೇಲಿಂದ ಮೆಲ್ಲಗೆ ಆಚೆ ಹಾಕಿಬಿಡುವುದು. ಅಲ್ಲಿ ಇವರ ಆಟಗಾರನೊಬ್ಬ ಆರಾಮವಾಗಿ ನಿಂತಿರುತ್ತಿದ್ದ. ಅವನ ಮುಂದೆ ಇಡೀ ಮೈದಾನ ಖಾಲಿ. ಅವನು ಕೊನೆಯ ಗೆರೆ ದಾಟಿ ಆರು ಅಂಕ ಗಳಿಸುವುದನ್ನು ನಾನು ಕಣ್ಣು ಬಿಟ್ಟು ನೋಡುವುದೊಂದೇ ಬಾಕಿ.

"ಮಾರಾಯ್ತಿ, ಹಿಂದೆ ಒಬ್ಬರನ್ನಾದ್ರೂ ಇಟ್ಕೋ. ಮನೆ ಕಾಯೂಕೆ ಯಾರಾದ್ರೂ ಬೇಕಲ್ದಾ?" ಎಂದು ನಗುತ್ತಿದ್ದರು.

"ವರ್ಷಕ್ಕೆ ಒಂಬತ್ತು ತಿಂಗಳು ಮನೆ ಕಾಯೂದು ನಾನೇ. ಆಟದಲ್ಲಾದ್ರೂ ಎಲ್ರೂ ಹೊರಗೆ ಹೋಗ್ಲಿ ಬಿಡಿ" ಎನ್ನುತ್ತಿದ್ದೆ.

ನನ್ನ ಸೋಲಿಗೆ ಇನ್ನೊಂದು ಕಾರಣವೂ ಇತ್ತು. ಅದು ನನ್ನ ಅತ್ತೆ. ನಕ್ಷೆ ಆರಿಸುವಾಗ ಎದುರಾಳಿ ನೋಡಬಾರದೆಂದು ಇವರು ಪ್ರಾಮಾಣಿಕವಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹಿಂದೆ ಕುರ್ಚಿಯಲ್ಲಿ ಕೂತು ಹುರುಳಿ ಆರಿಸುತ್ತಿದ್ದ ಅತ್ತೆ ಮಾತ್ರ ಕಣ್ಣು ಮುಚ್ಚುತ್ತಿರಲಿಲ್ಲ. ಆಟದ ತಲೆಬುಡ ಅವರಿಗೆ ತಿಳಿಯದು. ಆದರೆ ಮಗ ಗೆಲ್ಲಬೇಕು. ನಾನು ಕೆಂಪು ಬಾಣದ ನಕ್ಷೆ ಒತ್ತಿದ ಕೂಡಲೇ "ತಾಂಬ್ಡೆಂ" ಎಂದು ಕೊಂಕಣಿಯಲ್ಲಿ ಗೊಣಗುತ್ತಿದ್ದರು. ತಾಂಬ್ಡೆಂ ಎಂದರೆ ಕೆಂಪು. ಅಂಕೋಲೆಯಿಂದ ಬಂದ ಸೊಸೆಗೆ ಆರು ವರ್ಷವಾದರೂ ಕೊಂಕಣಿ ಬಂದಿಲ್ಲ ಎಂದು ಅವರ ಭಾವನೆ. ನಾನೂ ಆ ಭಾವನೆಯನ್ನು ಕೆಡಿಸಲು ಹೋಗಿರಲಿಲ್ಲ. ಸೊಸೆಗೆ ಗೊತ್ತಿಲ್ಲ ಎಂದುಕೊಂಡು ಅವರು ಪಕ್ಕದ ಮನೆಯಾಕೆಯ ಜೊತೆ ಆಡುವ ಮಾತು ಕೇಳುವುದು ನನಗೊಂದು ದೊಡ್ಡ ಮನರಂಜನೆ.

ರಜೆ ಮುಗಿಯುತ್ತ ಬಂದಾಗ ಹಡಗಿನ ಕಂಪನಿಯಿಂದ ಕರೆ ಬಂತು. ಮತ್ತೆ ಒಂಬತ್ತು ತಿಂಗಳು. ಶನಿವಾರದೊಳಗೆ ಹೌದೋ ಅಲ್ಲವೋ ಹೇಳಬೇಕು. ಅದೇ ವಾರ ಬೈತಖೋಲದ ಬಂದರಿನಿಂದಲೂ ಒಂದು ಮಾತು ಬಂದಿತ್ತು. ಅಲ್ಲಿ ಸರಕು ಇಳಿಸುವ ಯಂತ್ರಗಳನ್ನು ನೋಡಿಕೊಳ್ಳಲು ಜನ ಬೇಕಂತೆ. ಬೆಳಗ್ಗೆ ಬೈಕಿನಲ್ಲಿ ಹೋಗಿ ಸಂಜೆ ಮನೆಗೆ ಬರುವ ಕೆಲಸ. ಇವರು ಎರಡರ ಬಗ್ಗೆಯೂ ಊಟದ ಹೊತ್ತಿಗೆ ಹೇಳಿ, ನನ್ನ ಮುಖ ನೋಡಿ, ಸಾರು ಬಡಿಸಿಕೊಂಡರು.

ನನಗೆ ಇವರು ಇರಬೇಕಿತ್ತು. ಇದನ್ನು ಈಗ ನೆಟ್ಟಗೆ ಬರೆಯುತ್ತಿದ್ದೇನೆ, ಆಗ ಹೇಳಲು ಆಗುತ್ತಿರಲಿಲ್ಲ. "ಹೋಗಬೇಡಿ" ಎಂದು ಆರು ವರ್ಷದಲ್ಲಿ ಒಮ್ಮೆಯೂ ಅಂದವಳಲ್ಲ. ಅಂದ ಮೇಲೂ ಹೋದರೆ? ಆಮೇಲಿನ ಒಂಬತ್ತು ತಿಂಗಳು ಆ ಮಾತನ್ನು ಎಲ್ಲಿ ಇಟ್ಟುಕೊಳ್ಳಲಿ? ಅದಕ್ಕೇ ಅವರು ಬ್ಯಾಗು ತುಂಬುವಾಗಲೆಲ್ಲ ನಾನು ಚೇಷ್ಟೆ ಶುರು ಮಾಡುತ್ತಿದ್ದೆ. ಬೇಗ ಹೊರಡಿ, ಮನೆಯಲ್ಲಿ ಗಲಾಟೆ ಕಡಿಮೆಯಾಗಲಿ, ನನಗೆ ಮಂಚದಲ್ಲಿ ಜಾಗವಾಗಲಿ, ಹೀಗೆ ಒಂದರ ಮೇಲೊಂದು. ಅವರಿಗೆ ಒಂದು ಮಾತಾಡಲೂ ಪುರಸೊತ್ತು ಕೊಡುತ್ತಿರಲಿಲ್ಲ. ಬಸ್ಸು ಹೋದ ಮೇಲೆ ಬಚ್ಚಲಿಗೆ ಹೋಗಿ ಅಳುತ್ತಿದ್ದೆ.

ಈ ಸಲವೂ ಹಾಗೆಯೇ ಮಾಡಿದೆ. "ಶುಕ್ರವಾರ ಒಂದು ಆಟ ಆಡುವಾ. ನಾನು ಗೆದ್ರೆ ಬೈತಖೋಲ, ನೀವು ಗೆದ್ರೆ ಹಡಗು" ಎಂದೆ.

ಅಲ್ಲಿಯವರೆಗೆ ನಾನು ಗೆದ್ದ ಆಟಗಳನ್ನು ಒಂದೇ ಕೈಯಲ್ಲಿ ಎಣಿಸಿ ಎರಡು ಬೆರಳು ಉಳಿಸಿಕೊಳ್ಳಬಹುದಿತ್ತು. ಇವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. "ಆಯ್ತು" ಎಂದು ಕೈ ತೊಳೆಯಲು ಎದ್ದರು.

ಬುಧವಾರ ಶಾಲೆ ಬಿಟ್ಟವಳು ಮನೆಗೆ ಬರದೆ ಬೆಳಂಬಾರಕ್ಕೆ ಹೋದೆ. ಅಪ್ಪ ಜಗುಲಿಯಲ್ಲಿ ಗೇರುಬೀಜ ಹರವಿಕೊಂಡು ಕೂತಿದ್ದ. ಅದರಲ್ಲೇ ಇಪ್ಪತ್ತೆರಡು ಬೀಜ ಎತ್ತಿ ಎರಡು ಸಾಲು ಮಾಡಿ ಆಟ ವಿವರಿಸಿದೆ. ನನ್ನ ಕಡೆಯ ಬೀಜಗಳನ್ನೆಲ್ಲ ಮುಂದೆ ನೂಕಿ ತೋರಿಸಿದೆ. ಅಪ್ಪ ಖಾಲಿಯಾದ ಹಿಂದಿನ ಜಾಗವನ್ನು ನೋಡಿದ.

"ಅಲ್ಲ ತಂಗಿ, ಎಲ್ಲಾರೂ ಹಗ್ಗ ಎಳೂಕೆ ಓಡ್ರೆ ಬಲೆಯ ಅಡಿ ಹಗ್ಗ ತುಳ್ಕಂಡ್ ನಿಲ್ಲೂದು ಯಾರು? ಮೀನು ಅಡಿಯಿಂದ ನುಗ್ಗಿ ಹೋಗೂದಿಲ್ವೆ?"

ಅದು ನನಗೆ ಮರೆತೇಹೋಗಿತ್ತು. ಬಲೆ ದಡಕ್ಕೆ ಬರುವಾಗ ಅದರ ಕೆಳಗಿನ ಹಗ್ಗವನ್ನು ಮರಳಿಗೆ ಒತ್ತಿ ಹಿಡಿಯಲು ನಾಲ್ಕಾರು ಜನ ನೀರಿನಲ್ಲಿ ನಿಲ್ಲುತ್ತಾರೆ. ಅಪ್ಪ ಯಾವಾಗಲೂ ಅಲ್ಲೇ ನಿಲ್ಲುತ್ತಿದ್ದ.

"ಆ ಕೆಲಸಕ್ಕೆ ಯಾರೂ ಓಡಿ ಬರೂದಿಲ್ಲ" ಎಂದ. "ಅಲ್ಲಿ ಎಂತದೂ ಮಾಡೂಕೆ ಇಲ್ಲ. ಸುಮ್ನೆ ನಿಂತ್ಕಂಡ್ ಇರೂದು. ಅದೇ ಕಷ್ಟ." ಆಮೇಲೆ ತನ್ನ ಇಪ್ಪತ್ತೆರಡು ಗೇರುಬೀಜ ವಾಪಸು ರಾಶಿಗೆ ಬಿತ್ತೋ ಇಲ್ಲವೋ ಎಂದು ನೋಡಿಕೊಂಡು, "ಅಳಿಯ ಮತ್ತೆ ಹೋಗ್ತ್ರೆ?" ಎಂದು ಕೇಳಿದ.

"ಆಟ ಆಡಿ ನೋಡೂದು ಅಂತ ಆಗಿದೆ."

"ಕೇಳಿ ನೋಡೂಕೆ ಆಗೂದಿಲ್ವೆ?"

ನನಗೆ ಬಸ್ಸಿನ ಹೊತ್ತಾಯಿತು ಎಂದು ಎದ್ದೆ. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು.

ಶುಕ್ರವಾರ ಸಂಜೆ ಚಹಾ ಕುಡಿದು ಕೂತೆವು. ಅವತ್ತು ನಾನು ಬೇರೆಯದೇ ರೀತಿಯಲ್ಲಿ ಆಡಿದೆ. ನನ್ನವರನ್ನೆಲ್ಲ ಮುಂದೆ ತಂದು ನಿಲ್ಲಿಸುವುದು, ನೋಡಿದವರಿಗೆ ಇವಳು ಈಗ ನುಗ್ಗಿಸುತ್ತಾಳೆ ಎನಿಸಬೇಕು. ಚೆಂಡು ಇವರ ಯಜಮಾನನ ಕೈಗೆ ಬರುವ ಹೊತ್ತಿಗೆ ಇಬ್ಬರನ್ನು ಮೆಲ್ಲಗೆ ಹಿಂದೆ ಎಳೆದುಕೊಳ್ಳುವುದು. ಕೆಂಪು ನೋಡಿ ಅತ್ತೆ ಹೇಳುತ್ತಿದ್ದದ್ದು ಸುಳ್ಳಾಗಿರಲಿಲ್ಲ, ನಕ್ಷೆ ಒತ್ತಿದ ಮೇಲೂ ಆಟಗಾರರ ಕೆಲಸ ಬದಲಿಸಬಹುದು ಎಂಬುದು ಅವರಿಗೆ ತಿಳಿಯದು, ಅಷ್ಟೇ. ಇವರು ಎಂದಿನಂತೆ ತಲೆಯ ಮೇಲಿಂದ ಚೆಂಡು ಎಸೆದರು. ಅಲ್ಲಿ ನನ್ನವನು ನಿಂತಿದ್ದ. ಎರಡು ಸಲ ಚೆಂಡು ನೇರ ನನ್ನವರ ಕೈಗೇ ಬಂತು. "ಇದ್ಯಾವಾಗ ಕಲ್ತೆ ನೀನು?" ಎಂದು ಇವರು ಚಾಪೆಯ ಮೇಲೆ ಮುಂದೆ ಸರಿದು ಕೂತರು.

ಕೊನೆಗೆ ಗಡಿಯಾರದಲ್ಲಿ ಕೆಲವೇ ಸೆಕೆಂಡು ಉಳಿದಿತ್ತು. ನಾನು ನಾಲ್ಕು ಅಂಕ ಮುಂದೆ. ಚೆಂಡು ಇವರ ಬಳಿ. ಇವರು ಗೆಲ್ಲಬೇಕಾದರೆ ಅದೊಂದೇ ಎಸೆತದಲ್ಲಿ ನನ್ನ ಕೊನೆಯ ಗೆರೆ ದಾಟಬೇಕು. ಇವರು ಕಣ್ಣು ಮುಚ್ಚಿಕೊಂಡರು. ನಕ್ಷೆಗಳು ಬಂದವು. ನನ್ನ ಬೆರಳು ತಾನಾಗಿಯೇ ಕೆಂಪು ರಾಶಿಯ ಕಡೆ ಹೋಯಿತು. ಎಲ್ಲರನ್ನೂ ನುಗ್ಗಿಸಿ, ಬೇಗ ಮುಗಿಸಿಬಿಡು ಎಂದು ಕೈ ಹೇಳುತ್ತಿತ್ತು. ನನ್ನ ಹಿಂದಿನ ಸಾಲಿನ ಮೇಲೆ ನನಗೇ ನಂಬಿಕೆ ಇಲ್ಲದ್ದರಿಂದ ಇಷ್ಟು ದಿನ ಮುಂದೆ ಮುಂದೆ ನುಗ್ಗುತ್ತಿದ್ದೆ ಎಂದು ಆಗ ಹೊಳೆಯಿತು. ಆಟದಲ್ಲಿ ಮಾತ್ರವಲ್ಲ. ನಾನು ಎಲ್ಲಕ್ಕಿಂತ ನೀಲಿಯಾದ ನಕ್ಷೆಯನ್ನು ಒತ್ತಿದೆ. ಬರೀ ಮೂವರು ಮುಂದೆ, ಎಂಟು ಜನ ಹಿಂದೆ.

ಅತ್ತೆ ಹುರುಳಿಯಿಂದ ತಲೆ ಎತ್ತಿ ಟಿವಿ ನೋಡಿದರು. ನನ್ನನ್ನೂ ನೋಡಿದರು.

"ತಾಂಬ್ಡೆಂ" ಎಂದರು, ಎಂದಿಗಿಂತ ಸ್ವಲ್ಪ ಗಟ್ಟಿಯಾಗಿ.

ನಾನು ತಿರುಗಿ ನೋಡಿದೆ. ಅವರು ಆಗಲೇ ಹುರುಳಿಯ ಕಲ್ಲು ಹುಡುಕುತ್ತಿದ್ದರು.

ಚೆಂಡು ಇವರ ಯಜಮಾನನ ಕೈಗೆ ಬಂತು. ಅವನು ನನ್ನವರು ನುಗ್ಗಲಿ ಎಂದು ಕಾದ. ಯಾರೂ ನುಗ್ಗಲಿಲ್ಲ. ಮುಂದಿದ್ದ ಮೂವರು ಯಜಮಾನನನ್ನು ಕಾಯುವ ಇವರ ಐವರ ಜೊತೆ ತಳ್ಳಾಡುತ್ತಿದ್ದರು. ಉಳಿದವರು ದೂರದಲ್ಲಿ ಸುಮ್ಮನೆ ನಿಂತಿದ್ದರು. ಇವರಿಗೆ ಬೇಕಾದಷ್ಟು ಪುರಸೊತ್ತು.

"ಯಾರೂ ಬರ್ಲಿಲ್ಲವಲ್ಲ?" ಎಂದರು, ಟಿವಿ ನೋಡುತ್ತಲೇ.

ಸುಮ್ಮನೆ ನಿಲ್ಲುವುದು ಅಪ್ಪ ಹೇಳಿದಷ್ಟೇ ಕಷ್ಟವಾಗಿತ್ತು. ನನ್ನ ಬಾಯಿಗೆ ಯಾವ ಚೇಷ್ಟೆಯೂ ಬರಲಿಲ್ಲ.

"ಹೋಗ್ಬೇಡಿ" ಎಂದೆ. "ನೀವು ಇಲ್ದಾಗ ನಂಗೆ ಹೆದ್ರಿಕೆ ಆಗ್ತದೆ."

ಆ ಮಾತು ಆಡುವಾಗ ನನ್ನ ಹೆಬ್ಬೆರಳು ಗುಂಡಿಯಿಂದ ಎದ್ದುಹೋಗಿತ್ತು. ಇವರ ಯಜಮಾನ ಚೆಂಡು ಹಿಡಿದುಕೊಂಡು ಎಡಕ್ಕೆ ನಡೆದ. ಓಡಲಿಲ್ಲ, ಎಸೆಯಲಿಲ್ಲ, ಪೇಟೆಗೆ ಹೊರಟವನ ಹಾಗೆ ನಡೆದುಹೋಗಿ ಮೈದಾನದ ಬದಿಯ ಗೆರೆಯಾಚೆ ಕಾಲಿಟ್ಟ. ಚೆಂಡು ಹಿಡಿದವನು ಆ ಗೆರೆ ದಾಟಿದರೆ ಆ ಸರದಿ ಅಲ್ಲಿಗೇ ಮುಗಿದಂತೆ, ಅಷ್ಟರಲ್ಲಿ ಸಮಯವೂ ಮುಗಿದಿತ್ತು. ಟಿವಿಯೊಳಗಿನ ಜನ ನನ್ನ ಹೆಸರಿನಲ್ಲಿ ಕುಣಿಯತೊಡಗಿದರು.

ಹಾಲ್‌ನಲ್ಲಿ ಯಾರೂ ಕುಣಿಯಲಿಲ್ಲ. ಇವರು ಕಂಟ್ರೋಲರನ್ನು ಚಾಪೆಯ ಮೇಲಿಟ್ಟು, "ನಾನು ಇಲ್ದೇ ಇದ್ರೇ ನಿಂಗೆ ಆರಾಮ ಅಂದ್ಕಂಡಿದ್ದೆ" ಎಂದರು. ನಾನೂ ನನ್ನದನ್ನು ಅದರ ಪಕ್ಕದಲ್ಲಿಟ್ಟೆ. ಇವರು ತಾಯಿಯ ಕಡೆ ತಿರುಗಿ ನೀನು ಕೆಂಪು ಅಂದೆಯಲ್ಲ ಎಂದು ಕೇಳಿದಾಗ ಅತ್ತೆ, ನನಗೂ ತಿಳಿಯಲಿ ಎಂದು ಕನ್ನಡದಲ್ಲೇ, "ನಂಗೆ ಕನ್ನಡಕ ಇಲ್ದೆ ಬಣ್ಣ ಸರಿ ಕಾಣೂದಿಲ್ಲ ಮಗಾ" ಎಂದರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು.

ಸೋಮವಾರ ಇವರು ಬೈತಖೋಲಕ್ಕೆ ಹೋದರು. ಈಗ ದಿನಾ ಸಂಜೆ ಡೀಸೆಲ್ಲಿನ ವಾಸನೆ ಹೊತ್ತು ಮನೆಗೆ ಬರುತ್ತಾರೆ. ಬಂದವರು ಅವತ್ತಿನ ಆಟದ ತಕರಾರನ್ನು ಇನ್ನೂ ಬಿಟ್ಟಿಲ್ಲ. ಆಟದ ನಡುವೆ ಮಾತಾಡಿಸಿದ್ದು ಫೌಲ್ ಅಂತೆ. ಬೆರಳು ಜಾರಿ ಗೆರೆಯಾಚೆ ಹೋಯಿತಂತೆ. ನೆಂಟರಿಷ್ಟರ ಮುಂದೆಯೂ ಇದನ್ನೇ ಹೇಳುತ್ತಾರೆ. ನಾನು ಹೌದು ಹೌದು ಎಂದು ಒಪ್ಪಿಕೊಂಡು ಚಹಾ ಕೊಡುತ್ತೇನೆ.

ಆದರೆ ನನ್ನ ಹೆಬ್ಬೆರಳು ಎದ್ದುಹೋದ ಆ ಗಳಿಗೆಯಲ್ಲಿ ಬಲಮೂಲೆಯ ನನ್ನ ಕಾವಲಿನವನು ನಿಂತಲ್ಲೇ ನಿಂತುಬಿಟ್ಟಿದ್ದ. ಇವರ ಆಟಗಾರ ಅವನನ್ನು ದಾಟಿ, ಕೊನೆಯ ಗೆರೆಯ ಆಚೆ ಒಬ್ಬನೇ ನಿಂತು ಚೆಂಡಿಗಾಗಿ ಕೈ ಎತ್ತಿದ್ದ. ಹತ್ತಿರ ಯಾರೂ ಇರಲಿಲ್ಲ. ಅದನ್ನು ನಾನು ನೋಡಿದ್ದೆ. ಅವರೂ ನೋಡಿದ್ದರು.