ತಾಯಿ ಕಾರ್ಡಿನ ಎರಡು ವಾರ

"ಹಂಗಾದ್ರ ನಮ್ಮನಿಯವ್ರು ಬದುಕಿದ್ದಾಗ ಹದಿನಾರು ದಿನ ಕೂಸು ನನ್ನ ಹೊಟ್ಟ್ಯಾಗ ಇತ್ತೇನ್ರಿ, ಅಕ್ಕಾರ?"

ಕಿಣ್ಣಿ ಸುಲ್ತಾನ ಹಳ್ಳಿಯಿಂದ ಅತ್ತೆಯೊಡನೆ ತಪಾಸಣೆಗೆ ಬಂದಿದ್ದ ಹುಡುಗಿ ಬೆರಳಿನ ಗೆಣ್ಣು ಎಣಿಸಿ ಕೇಳಿದಳು. ನರ್ಸ್ ಆದ ನಾನು ಆಗಷ್ಟೇ ಅವಳ ತಾಯಿ ಕಾರ್ಡಿನಲ್ಲಿ ‘ಒಂಬತ್ತು ವಾರ’ ಎಂದು ಬರೆದಿದ್ದೆ.

ಕೊನೆಯ ಮುಟ್ಟಿನ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಎಳ್ಳಮಾವಾಸ್ಯೆಯಂದು ಎಲ್ಲರೂ ಬೆಳೆಗೆ ನೈವೇದ್ಯದ ಚರಗ ಚೆಲ್ಲಲು ಹೊಲಕ್ಕೆ ಹೋದಾಗ, ಮುಟ್ಟಾಗಿದ್ದ ಅವಳು ಮನೆಯಲ್ಲೇ ಉಳಿದಿದ್ದಳು. ಗಂಡನೇ ಅವಳ ಪಾಲಿನ ಭಜ್ಜಿ, ರೊಟ್ಟಿ ಕಟ್ಟಿಕೊಂಡು ಬಂದಿದ್ದ. ಅದಾದ ಹದಿನಾರನೇ ದಿನ ಕಬ್ಬಿನ ಟ್ರ್ಯಾಕ್ಟರ್ ಮಗುಚಿ ಅವನು ತೀರಿಕೊಂಡ.

ನಾನು ಕಲಿತ ಪಾಠ ಒಪ್ಪಿಸಿಬಿಟ್ಟೆ. ನಾವು ವಾರ ಎಣಿಸುವುದು ಮುಟ್ಟಾದ ದಿನದಿಂದ, ಕೂಸು ನಿಲ್ಲುವುದು ಅದಾಗಿ ಸುಮಾರು ಎರಡು ವಾರಕ್ಕೆ, ಮೊದಲ ಎರಡು ವಾರ ಹೊಟ್ಟೆಯಲ್ಲಿ ಕೂಸೇ ಇರುವುದಿಲ್ಲ ಎಂದೆ.

ಅವಳು ಮತ್ತೆ ಗೆಣ್ಣು ಎಣಿಸತೊಡಗಿದಳು. ಹೆಬ್ಬೆರಳು ಎರಡನೆಯ ಗೆಣ್ಣಿನ ಮೇಲೆ ನಿಂತುಬಿಟ್ಟಿತು. ಅತ್ತೆ ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಮುಚ್ಚಿ ಹಿಡಿದರು.

"ಇರ್ಲಿ ಬಿಡ ಯವ್ವಾ. ಎರಡು ದಿನನರ ಅಪ್ಪ, ಕೂಸು ಕೂಡೇ ಇದ್ರಲ್ಲ."

ನನ್ನ ಲೆಕ್ಕ ಸರಿಯೇ ಇತ್ತು. ಆದರೆ ‘ಹೌದವ್ವಾ, ಹದಿನಾರು ದಿನ’ ಎಂದಿದ್ದರೆ ಯಾರ ಗಂಟು ಹೋಗುತ್ತಿತ್ತು? ಹಾಗೆನ್ನದ ನನ್ನ ನಾಲಿಗೆಯ ಮೇಲೆ ನನಗೆ ಇಂದಿಗೂ ಸಿಟ್ಟು.