ಭಟ್ಟರ ಮೂಗು ಮತ್ತು ಹೋಟೆಲಿನ ಬೆಂಚು

ಹೋದ ಮಂಗಳವಾರ ನನ್ನ ಕಣ್ಣೆದುರೇ ಒಬ್ಬ ಮನುಷ್ಯನ ಕೆಲಸ ಹೋಯಿತು. ಕಾರಣ? ಮೂಗಿಗೆ ಮದ್ದು ಹಾಕಿಕೊಂಡದ್ದು!

ನಗಬೇಡಿ. ನನಗೇನೂ ನಗು ಬರುತ್ತಿಲ್ಲ.

ಮುಂಬಯಿಯ ಸಯನ್‌ನಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ ಒಂದು ಉಡುಪಿ ಹೋಟೆಲು. ಅಲ್ಲಿಯ ಅಡುಗೆ ಕುಂದಾಪುರ ಕಡೆಯ ಸುಬ್ರಾಯ ಭಟ್ಟರದು. ಹೋಟೆಲಿನ ಧಣಿಗಳದೊಂದು ಕಟ್ಟುನಿಟ್ಟು: ಗಲ್ಲಾದ ಮೇಲಿನ ದೇವರ ಪಟಕ್ಕೆ ನೈವೇದ್ಯ ಆಗುವ ಮೊದಲು ಸಾಂಬಾರನ್ನು ಯಾರೂ ನಾಲಿಗೆಗೆ ತಾಗಿಸಬಾರದು. ಹಾಗಾದರೆ ಹದ ನೋಡುವುದು ಹೇಗೆ? ಮೂಗಿನಿಂದ. ಕುದಿಯುವ ಹಬೆಯಲ್ಲೇ ಭಟ್ಟರಿಗೆ ಹುಳಿ, ಖಾರ ಎಲ್ಲ ತಿಳಿಯುತ್ತಿತ್ತು. (ನಮ್ಮಂಥವರಿಗೆ ನಾಲಿಗೆ ಇದ್ದೂ ತಿಳಿಯುವುದಿಲ್ಲ, ಆ ಮಾತು ಬೇರೆ.)

ಈ ಚಳಿಗಾಲ ಭಟ್ಟರ ಮೂಗು ಕಟ್ಟಿತು. ವಾಸನೆಯೇ ಇಲ್ಲ. ಒಂದು ದಿನ ಹುಳಿ ಹೆಚ್ಚಾಯಿತು, ಇನ್ನೊಂದು ದಿನ ತಳ ಹಿಡಿದದ್ದೇ ಗೊತ್ತಾಗಲಿಲ್ಲ. "ಇನ್ನೊಮ್ಮೆ ಹೀಗಾದ್ರೆ ಊರಿನ ಬಸ್ಸು ಹತ್ತಿ ಭಟ್ರೇ" ಎಂದರು ಧಣಿಗಳು.

ಭಟ್ಟರು ಮೆಡಿಕಲ್ ಶಾಪಿನಿಂದ ಒಂದು ಸ್ಪ್ರೇ ತಂದರು. ಒತ್ತಿದರೆ ಪುಸಕ್ ಎನ್ನುವ ಪ್ಲಾಸ್ಟಿಕ್ ಬಾಟ್ಲಿ. ಒಲೆಯೆದುರು ನಿಂತಲ್ಲೇ ಒತ್ತುವುದು, ಗಂಟಲಿಗಿಳಿದ ಕಹಿಯನ್ನು ನುಂಗುವುದು. "ಮೂಗಿನ ಮದ್ದು ಹೊಟ್ಟೆಗೇ ಹೋಗ್ತದೆ ಮಾರಾಯ್ರೆ" ಎಂದು ನನ್ನಲ್ಲಿ ಗೋಳು ತೋಡಿಕೊಂಡರು.

ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡು ಇಣುಕಿದರು. ಮೂಗಿನ ನಡುಗೋಡೆ ಸೊಟ್ಟಗಿದೆಯಂತೆ. ಸ್ಪ್ರೇ ಅದಕ್ಕೆ ಬಡಿದು ಕೆಳಗಿಳಿಯುತ್ತದೆ. ವಾಸನೆ ಹಿಡಿಯುವ ಜಾಗವೋ, ಮೇಲೆ ಮೂಗಿನ ಮಾಳಿಗೆಯಲ್ಲಿ, ಸಣ್ಣ ಸಂದಿಯೊಳಗೆ. ಅಲ್ಲಿಗೆ ಮದ್ದು ಮುಟ್ಟಬೇಕಾದರೆ? ಸ್ಪ್ರೇ ಬಿಟ್ಟು ಡ್ರಾಪ್ಸ್ ಹಾಕಬೇಕು. ಅಂಗಾತ ಮಲಗಿ, ಮಂಚದ ಅಂಚಿನಿಂದ ತಲೆ ಕೆಳಗೆ ಇಳಿಬಿಟ್ಟು, ಕೆಲವು ನಿಮಿಷ ಅಲುಗದೆ ಇರಬೇಕು. ದಿನಕ್ಕೆ ಮೂರು ಹೊತ್ತು.

ಮಂಚ! ಹೋಟೆಲಿನವರೆಲ್ಲ ಮಲಗುವುದು ನೆಲದ ಮೇಲೆ ಚಾಪೆ ಹಾಸಿ. ನೆಲದ ಅಂಚಿನಿಂದ ತಲೆ ಇಳಿಬಿಡುವುದು ಹೇಗೆ, ನೀವೇ ಹೇಳಿ?

"ನಮ್ಮ ಮನೆಗೆ ಬನ್ನಿ" ಎಂದೆ. ಬೆಳಿಗ್ಗೆ, ರಾತ್ರಿ ಬಂದರು. ಮಧ್ಯಾಹ್ನ ಮಾತ್ರ ಒಲೆ ಬಿಟ್ಟು ಮಹಡಿ ಹತ್ತುವಂತಿರಲಿಲ್ಲ. ಗಿರಾಕಿ ಇಲ್ಲದ ಹೊತ್ತು ನೋಡಿ ಹೋಟೆಲಿನ ಬೆಂಚಿನ ಮೇಲೇ ಮಲಗತೊಡಗಿದರು. ಸ್ವಲ್ಪ ದಿನಕ್ಕೆ ಒಗ್ಗರಣೆಯ ಇಂಗು ತುಸು ತಿಳಿಯಿತಂತೆ. ಅದನ್ನು ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು.

ಮಂಗಳವಾರ ಧಣಿಗಳು ಬೇಗ ಬಂದರು. ಚಹಾಕ್ಕೆಂದು ಇಳಿದ ನಾನೂ ಬಾಗಿಲಲ್ಲೇ ಇದ್ದೆ.

"ಎಂತ ಭಟ್ರೇ, ಗಿರಾಕಿ ಕೂರುವಲ್ಲಿ ಹೆಣದ ಹಾಗೆ ಬಿದ್ದದ್ದು?"

ಭಟ್ಟರು ಏಳಲಿಲ್ಲ. ಎದ್ದರೆ ಮದ್ದು ಇಳಿದುಹೋಗುತ್ತದಲ್ಲ! ಕೈಯೆತ್ತಿ, ಸ್ವಲ್ಪ ತಡೆಯಿರಿ ಎಂದು ಸನ್ನೆ ಮಾಡಿದರು. ಅದೇ ಮಹಾಪರಾಧವಾಯಿತು.

"ಧಣಿ ಬಂದು ನಿಂತ್ರೂ ಏಳುದಿಲ್ವಾ? ಗಂಟು ಕಟ್ಟಿ!"

ಡಾಕ್ಟರು ಹೇಳಿದ್ದನ್ನೆಲ್ಲ ನಾನು ವಿವರಿಸಿದೆ. "ರಾಯರೇ, ಅಡುಗೆಯವನಿಗೆ ಮೂಗು ಇರ್ಬೇಕು, ಸರಿ. ಅದನ್ನು ರಿಪೇರಿ ಮಾಡ್ಲಿಕ್ಕೆ ಇದೇನು ಆಸ್ಪತ್ರೆಯಾ?" ಎಂದರು. ನನಗೆ ಮೈಯೆಲ್ಲ ಉರಿಯಿತು. ಈ ಮುಂಬಯಿಯಲ್ಲಿ ಬಡವನು ಎಲ್ಲಿ ಬೇಕಾದರೂ ಬಿದ್ದು ಸಾಯಬಹುದು. ಮಲಗಿ ವಾಸಿಯಾಗಲು ಮಾತ್ರ ಜಾಗವಿಲ್ಲ.

ಹೋಟೆಲಿಗೆ ಹೊಸ ಅಡುಗೆಯವರು ಬಂದಿದ್ದಾರೆ. ಭಟ್ಟರು ನಮ್ಮ ಮನೆಯಲ್ಲಿದ್ದಾರೆ. ನಿನ್ನೆ ಸಂಜೆ ಕಿಟಕಿಯ ಬಳಿ ನಿಂತವರು ಮೆಲ್ಲಗೆ, "ಕೆಳಗೆ ಕೊತ್ತಂಬರಿ ಹೆಚ್ಚು ಹುರಿದಿದ್ದಾರೆ" ಎಂದರು.

ಮೂಗೇನೋ ಬಂತು. ಅದನ್ನಿಟ್ಟುಕೊಂಡು ಅವರೀಗ ಎಲ್ಲಿಗೆ ಹೋಗಬೇಕು?